ಗೌರಿ ಹಬ್ಬದಿಂದ ವಿಜಯದಶಮಿ ತನಕ ಫ್ಲಾರಿಡಾದಲ್ಲಿ ಇರುವವರಿಗೆ

ಮಾನ್ಯ ಸಂಪಾದಕರೇ,

ಮೇ ತಿಂಗಳು ಬಂತೆಂದರೆ ನಮ್ಮ ಕಡೆಯ ಎಷ್ಟೋ ಅಪ್ಪ ಅಮ್ಮಂದಿರು ಅಮೆರಿಕಕ್ಕೆ ಹೊರಡುವ ಗಡಿಬಿಡಿಯಲ್ಲಿರುತ್ತಾರೆ. ಪೆಟ್ಟಿಗೆ 23 ಕೆ.ಜಿ. ದಾಟಬಾರದು ಅಂತ ತೂಗಿ ತೂಗಿ ಸಾರಿನ ಪುಡಿ, ಚಟ್ನಿಪುಡಿ, ಹಪ್ಪಳ ತುಂಬುತ್ತಿರುತ್ತಾರೆ. ಅವರಲ್ಲಿ ಯಾರ ಮಕ್ಕಳು ಫ್ಲಾರಿಡಾ, ಹ್ಯೂಸ್ಟನ್ ಅಥವಾ ನಾರ್ತ್ ಕೆರೊಲಿನಾ ಕಡೆ ಇದ್ದಾರೋ ಅವರಿಗೆ ಹೇಳಬೇಕಾದದ್ದು ಒಂದಿದೆ. ಚಂಡಮಾರುತ ಬಂದು ಹೋದ ಮೇಲೆ ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಬರುವ ಮುಂಚೆ ಏನು ಮಾಡಬೇಕು ಅಂತ ನಮ್ಮ ಭಾಷೆಯಲ್ಲಿ ಯಾರೂ ಬರೆಯುವುದಿಲ್ಲ. ಅದಕ್ಕೇ ಈ ಪತ್ರ.

ನಾನು ಮೈಸೂರಿನವಳು. ಹನ್ನೊಂದು ವರ್ಷದಿಂದ ಫ್ಲಾರಿಡಾದ ಟ್ಯಾಂಪಾದಲ್ಲಿದ್ದೇನೆ. 2024ರಲ್ಲಿ ಅಪ್ಪ ಅಮ್ಮ ಬಂದಿದ್ದರು. ಆಗಸ್ಟ್‌ಗೇ ವಾಪಸ್ ಹೊರಡಬೇಕಿತ್ತು. ಹಬ್ಬ ಮುಗಿಸಿಕೊಂಡು ಹೋಗಿ ಅಂತ ನಾನೇ ಹಟ ಮಾಡಿ ಉಳಿಸಿಕೊಂಡೆ. ಎಲ್ಲರೂ ಮಾಡುವುದು ಇದನ್ನೇ ಅಲ್ವಾ?

ಇಲ್ಲಿನ ಹರಿಕೇನ್ ಸೀಸನ್, ಅಂದರೆ ಚಂಡಮಾರುತದ ಕಾಲ, ಜೂನ್ 1ರಿಂದ ನವೆಂಬರ್ 30ರ ತನಕ. ನಿಜವಾದ ಜೋರು ಮಾತ್ರ ಆಗಸ್ಟ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ. ನಮ್ಮ ಪಂಚಾಂಗದಲ್ಲಿ ಹೇಳುವುದಾದರೆ ಹೆಚ್ಚುಕಡಿಮೆ ಗೌರಿ ಹಬ್ಬದಿಂದ ವಿಜಯದಶಮಿ ತನಕ. ಹಳೆಯ ಕ್ಯಾಲೆಂಡರ್ ತೆಗೆದು ನೋಡಿ. 2017ರಲ್ಲಿ ಹಾರ್ವೆ ಚಂಡಮಾರುತ ಟೆಕ್ಸಾಸ್‌ಗೆ ಬಡಿದದ್ದು ಆಗಸ್ಟ್ 25ರಂದು, ಅವತ್ತು ಗಣೇಶನ ಹಬ್ಬ. 2018ರಲ್ಲಿ ಫ್ಲಾರೆನ್ಸ್ ನಾರ್ತ್ ಕೆರೊಲಿನಾಕ್ಕೆ ಬಂದದ್ದು ಗಣೇಶನ ಹಬ್ಬದ ಮಾರನೇ ದಿನ. 2022ರ ಇಯನ್ ನವರಾತ್ರಿಯ ಮೂರನೇ ದಿನ ಫ್ಲಾರಿಡಾದ ಫೋರ್ಟ್ ಮಯರ್ಸ್ ಕಡೆ ನುಗ್ಗಿತು. 2024ರ ಮಿಲ್ಟನ್ ಕೂಡ ನವರಾತ್ರಿಯಲ್ಲೇ. ಅಂದರೆ, ಮಕ್ಕಳು ಅಪ್ಪ ಅಮ್ಮನನ್ನು ಹಬ್ಬಕ್ಕೆ ಅಂತ ಉಳಿಸಿಕೊಳ್ಳುವ ದಿನಗಳೇ ಇಲ್ಲಿ ತುಂಬಾ ಎಚ್ಚರದಿಂದಿರಬೇಕಾದ ದಿನಗಳು.

ಆ ವರ್ಷ ಸೆಪ್ಟೆಂಬರ್ 26ಕ್ಕೆ ಹೆಲೀನ್ ಬಂತು. ಅದರ ಕೇಂದ್ರ ಟ್ಯಾಂಪಾಕ್ಕೆ ಬರಲೇ ಇಲ್ಲ, ಪಶ್ಚಿಮಕ್ಕೆ 100 ಮೈಲಿಗಿಂತ ದೂರದಲ್ಲಿ ಸಮುದ್ರದ ಮೇಲೇ ಹಾದು ಉತ್ತರಕ್ಕೆ ಹೋಯಿತು. ಅಪ್ಪ ಟಿವಿ ನೋಡಿ, "ಅದು ಆ ಕಡೆ ಹೋಯ್ತು, ಏನಾಗಲ್ಲ ಬಿಡು ಪುಟ್ಟಾ" ಅಂದರು. ನಾನೂ ಹಾಗೇ ಅಂದುಕೊಂಡೆ. ರಾತ್ರಿ ಕೊಲ್ಲಿಯ ನೀರು ಉಬ್ಬಿ ರಸ್ತೆಗೆ ಬಂತು. ನಮ್ಮ ಬೀದಿಯ ತಗ್ಗಿನ ಕೊನೆಯ ಮನೆಗಳಿಗೆ ಸೊಂಟದ ತನಕ ನೀರು. ಮಳೆಯ ನೀರಲ್ಲ, ಸಮುದ್ರದ ಉಪ್ಪು ನೀರು. ನಮ್ಮ ಮನೆ ಸ್ವಲ್ಪ ಎತ್ತರದಲ್ಲಿದ್ದಿದ್ದಕ್ಕೆ ಅಂಗಳದ ಹೊಸ್ತಿಲಿಗೆ ನಿಂತಿತು. ಬೆಳಗ್ಗೆ ಎದ್ದು ನೋಡಿದರೆ ಬೀದಿ ಪೂರ್ತಿ ಒದ್ದೆ ಹಾಸಿಗೆ, ಸೋಫಾ, ಮಕ್ಕಳ ಪುಸ್ತಕ. ಅಪ್ಪ ಅವತ್ತು ಇಡೀ ದಿನ ಜಾಸ್ತಿ ಮಾತಾಡಲಿಲ್ಲ.

ನಮ್ಮವರಿಗೆ ಮೊದಲು ಗೊತ್ತಾಗಬೇಕಾದದ್ದು ಇದೇ. ಚಂಡಮಾರುತ ಅಂದರೆ ನಮಗೆ ಗಾಳಿ. ಆಷಾಢದ ಗಾಳಿಯ ಹತ್ತು ಪಟ್ಟು ಅಂತ ಅಂದುಕೊಳ್ಳುತ್ತೇವೆ. ಆದರೆ ಜಾಸ್ತಿ ಜನ ಸಾಯುವುದು ನೀರಿನಿಂದ. ಗಾಳಿ ಸಮುದ್ರವನ್ನೇ ಊರೊಳಗೆ ತಳ್ಳುತ್ತದೆ. ಉಡುಪಿ, ಉತ್ತರ ಕನ್ನಡದ ಕಡಲ ದಂಡೆಯವರಿಗೆ ಇದು ಅರ್ಥವಾಗುತ್ತದೆ, 2021ರ ಮೇ ತಿಂಗಳಲ್ಲಿ ತೌಕ್ತೆ ಬಂದಾಗ ಅಲೆಗಳು ಮನೆ, ರಸ್ತೆ, ತೆಂಗಿನ ಮರ ಎಳೆದುಕೊಂಡು ಹೋದದ್ದನ್ನು ಅವರು ನೋಡಿದ್ದಾರೆ. ಮೈಸೂರು, ತುಮಕೂರು, ದಾವಣಗೆರೆಯಿಂದ ಬಂದವರಿಗೆ ಎಲ್ಲಿಂದ ಗೊತ್ತಾಗಬೇಕು?

ಟಿವಿಯಲ್ಲಿ ಕೆಟಗರಿ 1, 2, 3 ಅಂತ ಹೇಳುತ್ತಾರಲ್ಲ, ಅದು ಗಾಳಿಯ ವೇಗಕ್ಕೆ ಮಾತ್ರ. ಗಂಟೆಗೆ 119 ಕಿ.ಮೀ. ಆದರೆ 1, 252 ಕಿ.ಮೀ. ದಾಟಿದರೆ 5. ನೀರು ಎಷ್ಟು ಬರುತ್ತದೆ ಅಂತ ಆ ಅಂಕಿ ಹೇಳುವುದಿಲ್ಲ. ಫ್ಲಾರೆನ್ಸ್ ದಡ ಮುಟ್ಟುವಾಗ ಬರೀ ಕೆಟಗರಿ 1 ಇತ್ತು, ಆದರೂ ಕೆರೊಲಿನಾದ ಊರೂರು ಮುಳುಗಿದವು. ಹೆಲೀನ್ ಅಂತೂ ಸಮುದ್ರದಿಂದ ನೂರಾರು ಕಿ.ಮೀ. ದೂರ, ಬೆಟ್ಟದ ಮೇಲಿರುವ ಆಶ್‌ವಿಲ್ ಸುತ್ತಮುತ್ತ ಹೊಳೆ ಉಕ್ಕಿಸಿ ಎಷ್ಟೋ ಜನರ ಪ್ರಾಣ ತೆಗೆಯಿತು. ನಕ್ಷೆಯಲ್ಲಿ ತೋರಿಸುವ ಬಿಳಿ ಕೋನ್ ಇದೆಯಲ್ಲ, ಅದೂ ಅಷ್ಟೇ. ಬಿರುಗಾಳಿಯ ನಡುಭಾಗ ಎಲ್ಲಿ ಹೋಗಬಹುದು ಅನ್ನುವುದರ ಅಂದಾಜು ಅದು. ಕೋನ್ ಹೊರಗಿದ್ದೇವೆ ಅಂದರೆ ಬಚಾವಾದೆವು ಅಂತ ಅರ್ಥ ಅಲ್ಲ.

ಹೆಲೀನ್ ಹೋಗಿ ಎರಡು ವಾರ ಆಗಿರಲಿಲ್ಲ. ಅಕ್ಟೋಬರ್ 3ಕ್ಕೆ ನವರಾತ್ರಿ ಶುರು. ಅಮ್ಮ ಊರಿಂದ ತಂದಿದ್ದ ಪಟ್ಟದ ಗೊಂಬೆಗಳನ್ನು ಹಾಲ್‌ನಲ್ಲಿ, ದೊಡ್ಡ ಗಾಜಿನ ಬಾಗಿಲಿನ ಪಕ್ಕ ಮೂರು ಮೆಟ್ಟಿಲು ಕಟ್ಟಿ ಕೂರಿಸಿದ್ದಳು. ಭಾನುವಾರ ಬೆಳಗ್ಗೆ ಮಿಲ್ಟನ್ ಇನ್ನೂ ಹರಿಕೇನ್ ಕೂಡ ಆಗಿರಲಿಲ್ಲ. ಸೋಮವಾರ ಸಂಜೆ ಹೊತ್ತಿಗೆ ಕೆಟಗರಿ 5, ಗಂಟೆಗೆ 280 ಕಿ.ಮೀ.ಗೂ ಮೇಲೆ. ನಮ್ಮ ಜೋನ್‌ನವರು ಮನೆ ಬಿಡಬೇಕು ಅಂತ ಎಲ್ಲರ ಫೋನೂ ಒಟ್ಟಿಗೆ ಕಿರುಚಿಕೊಂಡಿತು. ಅಮ್ಮ ಬೆಚ್ಚಿಬಿದ್ದಳು. ಆ ಶಬ್ದ ಹೀಗಿರುತ್ತದೆ ಅಂತ ನಾನು ಮೊದಲೇ ಹೇಳಿರಲೇ ಇಲ್ಲ.

ಅದು ನನ್ನ ತಪ್ಪು, ಮತ್ತು ಇಲ್ಲಿರುವ ನಮ್ಮಂಥ ಮಕ್ಕಳು ಎಲ್ಲರೂ ಮಾಡುವ ತಪ್ಪು. ವಯಸ್ಸಾದವರು ಹೆದರಿಕೊಳ್ಳುತ್ತಾರೆ ಅಂತ ಏನೂ ಹೇಳುವುದಿಲ್ಲ. ಕೊನೇ ಗಳಿಗೆಯಲ್ಲಿ ಹೇಳಿದರೆ ಅವರು ಇನ್ನೂ ಜಾಸ್ತಿ ಹೆದರುತ್ತಾರೆ, ಇಲ್ಲವೇ ಅಪ್ಪನ ಹಾಗೆ "ನಾನು ಎಲ್ಲೂ ಬರಲ್ಲ, ನೀವು ಹೋಗಿ ಬನ್ನಿ" ಅಂತ ಕುರ್ಚಿ ಬಿಟ್ಟು ಏಳುವುದಿಲ್ಲ. ಅಪ್ಪನನ್ನು ಒಪ್ಪಿಸುವುದಕ್ಕೆ ನಮಗೆ ಮೂರು ಗಂಟೆ ಹಿಡಿಯಿತು. ಆ ಮೂರು ಗಂಟೆಯಲ್ಲಿ ಹೆದ್ದಾರಿ ತುಂಬಿಹೋಯಿತು, ಪೆಟ್ರೋಲ್ ಬಂಕ್‌ಗಳು ಖಾಲಿಯಾಗುತ್ತಾ ಬಂದವು.

ಹಾಗಾಗಿ ವಿಮಾನ ಹತ್ತುವ ಮುಂಚೆ, ಊರಲ್ಲೇ ಕೂತು ಮಕ್ಕಳನ್ನು ಕೇಳಿ. ನಿಮ್ಮ ಮನೆ ಯಾವ ಎವ್ಯಾಕ್ಯುಯೇಷನ್ ಜೋನ್? ಫ್ಲಾರಿಡಾದಲ್ಲಿ ಎ, ಬಿ, ಸಿ ಅಂತ ಜೋನ್ ಇರುತ್ತದೆ, ಎ ಎಲ್ಲಕ್ಕಿಂತ ಮೊದಲು ಖಾಲಿ ಮಾಡಬೇಕಾದದ್ದು. ವಿಳಾಸ ಹಾಕಿದರೆ ಜಿಲ್ಲಾಡಳಿತದ ವೆಬ್‌ಸೈಟ್‌ನಲ್ಲೇ ಗೊತ್ತಾಗುತ್ತದೆ. ಮನೆ ಬಿಡಬೇಕಾದರೆ ಎಲ್ಲಿಗೆ ಹೋಗುತ್ತೇವೆ? ಯಾವಾಗ ಹೊರಡುತ್ತೇವೆ? ಇದಕ್ಕೆ ಮಗ ಅಥವಾ ಸೊಸೆ ಥಟ್ಟನೆ ಉತ್ತರ ಹೇಳದೇ ಇದ್ದರೆ ಅವರಿನ್ನೂ ಯೋಚನೆ ಮಾಡಿಲ್ಲ ಅಂತಲೇ ಅರ್ಥ. ಕೇಳಿದ ಮೇಲಾದರೂ ಮಾಡುತ್ತಾರೆ.

ದೂರದ ಊರಿಗೇ ಓಡಬೇಕು ಅಂತಿಲ್ಲ. ಇಲ್ಲಿನ ಅಧಿಕಾರಿಗಳು ಹೇಳುವುದು, ಹತ್ತಾರು ಮೈಲಿ ಸಾಕು, ನೂರಾರು ಬೇಡ ಅಂತ. ನೀರು ಬರುವ ಜಾಗದಿಂದ ಎದ್ದು ಗಟ್ಟಿ ಮನೆಯೊಳಗೆ ಸೇರಿಕೊಂಡರೆ ಆಯಿತು. 2005ರಲ್ಲಿ ರೀಟಾ ಚಂಡಮಾರುತಕ್ಕೆ ಹೆದರಿ ಹ್ಯೂಸ್ಟನ್‌ಗೆ ಹ್ಯೂಸ್ಟನ್ನೇ ರಸ್ತೆಗಿಳಿದಾಗ ಬಿಸಿಲಿನಲ್ಲಿ, ಟ್ರಾಫಿಕ್ಕಿನಲ್ಲಿ, ದಾರಿಯಲ್ಲೇ ಸತ್ತವರು ಬಿರುಗಾಳಿಗೆ ಸಿಕ್ಕಿ ಸತ್ತವರಿಗಿಂತ ಜಾಸ್ತಿ. ಸಕ್ಕರೆ ಕಾಯಿಲೆ, ಮಂಡಿ ನೋವು ಇರುವವರನ್ನು ಹದಿನೈದು ಗಂಟೆ ಕಾರಿನಲ್ಲಿ ಕೂರಿಸುವುದು ಸುಮ್ನೆ ಮಾತಲ್ಲ. ನಾವು ಒಳನಾಡಿನ ಲೇಕ್‌ಲ್ಯಾಂಡ್‌ನಲ್ಲಿರುವ ಗೆಳತಿಯ ಮನೆಗೆ ಹೋದೆವು. ಅವಳದು ಹೊಸ ಮನೆ. 1992ರ ಆಂಡ್ರ್ಯೂ ಚಂಡಮಾರುತ ಆದ ಮೇಲೆ ಫ್ಲಾರಿಡಾದಲ್ಲಿ ಕಟ್ಟಡದ ನಿಯಮ ಬಿಗಿ ಮಾಡಿದರು, 2002ರಿಂದ ಈಚೆಗೆ ಕಟ್ಟಿದ ಮನೆಗಳು ಗಾಳಿಗೆ ಚೆನ್ನಾಗಿ ತಡೆಯುತ್ತವೆ.

ಹೊರಡುವ ಮುಂಚೆ ಮನೆ ಭದ್ರ ಮಾಡಬೇಕಲ್ಲ, ಅದಕ್ಕೆ ಒಂದಿಡೀ ದಿನ ಬೇಕು. ಜಾಲರಿ ಹಾಕಿದ ಹಿಂದಿನ ವರಾಂಡದಲ್ಲಿದ್ದ ಕುರ್ಚಿ, ಸೈಕಲ್, ತುಳಸಿ ಕುಂಡ, ಕರಿಬೇವಿನ ಕುಂಡ ಎಲ್ಲ ಒಳಗೆ ತಂದೆವು. ಆ ಗಾಳಿಗೆ ಒಂದು ಹೂವಿನ ಕುಂಡ ಸಾಕು ಪಕ್ಕದ ಮನೆಯ ಗಾಜು ಒಡೆಯುವುದಕ್ಕೆ. ಕಿಟಕಿಗೆ ಶಟರ್ ಅಥವಾ ದಪ್ಪ ಪ್ಲೈವುಡ್ ಹಾಕಬೇಕು. ಗಾಜಿಗೆ ಟೇಪ್ ಅಂಟಿಸಿದರೆ ಏನೂ ಪ್ರಯೋಜನ ಇಲ್ಲ.

ಅಮ್ಮ ಗೊಂಬೆ ಮೆಟ್ಟಿಲ ಮುಂದೆ ನಿಂತೇ ಇದ್ದಳು. ಕೂರಿಸಿದ ಗೊಂಬೆಯನ್ನು ನವರಾತ್ರಿ ನಡುವೆ ಎತ್ತಬಾರದು ಅಂತ ಅವಳ ಸಂಕಟ. ಕೊನೆಗೆ ಅವಳೇ ನಮಸ್ಕಾರ ಮಾಡಿ, ರಾಜ ರಾಣಿ ಇಬ್ಬರನ್ನೂ ತನ್ನ ಹಳೇ ಹತ್ತಿ ಸೀರೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕಾರಿನಲ್ಲಿ ಕೂತಳು.

ಬುಧವಾರ ರಾತ್ರಿ ಎಂಟೂವರೆಗೆ ಮಿಲ್ಟನ್ ಸರಸೋಟ ಹತ್ತಿರ ಸಿಯೆಸ್ಟಾ ಕೀಯಲ್ಲಿ ದಡ ಹತ್ತಿತು. ಅಷ್ಟು ಹೊತ್ತಿಗೆ ಕೆಟಗರಿ 3ಕ್ಕೆ ಇಳಿದಿತ್ತು. ಸ್ವಲ್ಪ ಹೊತ್ತಿಗೆ ಕರೆಂಟ್ ಹೋಯಿತು. ಆ ರಾತ್ರಿ ಫ್ಲಾರಿಡಾದಲ್ಲಿ 30 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟ್ ಇರಲಿಲ್ಲ. ನಾವು ಒಂಬತ್ತು ಜನ ಕಿಟಕಿ ಇಲ್ಲದ, ಬಟ್ಟೆ ಇಡುವ ಕೋಣೆಯೊಳಗೆ ಹಾಸಿಗೆ ಹಾಸಿಕೊಂಡು ಕೂತಿದ್ದೆವು. ಗಾಳಿ ಶಬ್ದಕ್ಕೆ ಮಗಳು ಅಜ್ಜಿಯ ಸೆರಗು ಬಿಡಲಿಲ್ಲ. ಅಮ್ಮ ಕಪಾಟಿನ ಮೇಲೆ ಗೊಂಬೆ ಇಟ್ಟು ದೀಪ ಹಚ್ಚಬೇಕು ಅಂದಳು. ಬೆಂಕಿ ಹಚ್ಚಬಾರದು ಅಂತ ಒಂದು ಸಣ್ಣ ಬ್ಯಾಟರಿ ದೀಪ ಇಟ್ಟೆವು. ಬೆಳಗ್ಗೆ ತನಕ ಅದೊಂದೇ ಬೆಳಕು.

ಬಿರುಗಾಳಿಯ ಕಣ್ಣು, ಅಂದರೆ ನಡುಭಾಗ, ದಕ್ಷಿಣಕ್ಕೆ ಸರಿದದ್ದರಿಂದ ಟ್ಯಾಂಪಾ ಕೊಲ್ಲಿಯ ನೀರು ಈ ಸಲ ಒಳಗೆ ಬರುವ ಬದಲು ಹಿಂದಕ್ಕೆ ಹೋಯಿತು. ನಮ್ಮ ಮನೆಗೆ ಏನೂ ಆಗಲಿಲ್ಲ. "ನೋಡು, ಸುಮ್ನೆ ಹೋದ್ರಿ" ಅಂತ ಊರಿನ ನೆಂಟರು ಫೋನಿನಲ್ಲಿ ಅಂದರು. ಅಪ್ಪ ಮಾತ್ರ ಅನ್ನಲಿಲ್ಲ. ಸ್ವಲ್ಪ ಉತ್ತರಕ್ಕೆ ಬಂದಿದ್ದರೆ ನೀರೆಲ್ಲ ನಮ್ಮ ಕಡೆಗೇ ನುಗ್ಗುತ್ತಿತ್ತು ಅಂತ ಅವರು ಹೆಲೀನ್ ನೋಡಿ ಕಲಿತಿದ್ದರು.

ಅಡುಗೆ ವಿಷಯ ಹೇಳಲೇಬೇಕು. ಇಲ್ಲಿ ಬಹಳ ಮನೆಗಳಲ್ಲಿ ಒಲೆಯೂ ಕರೆಂಟಿನದ್ದೇ. ಕರೆಂಟ್ ಹೋದರೆ ಕಾಫಿಯೂ ಇಲ್ಲ. ಬಾಗಿಲು ತೆಗೆಯದೇ ಇದ್ದರೆ ಫ್ರಿಜ್ ನಾಲ್ಕು ಗಂಟೆ ತಂಪಾಗಿರುತ್ತದೆ, ಆಮೇಲೆ ಹುಳಿ, ಮೊಸರು, ದೋಸೆ ಹಿಟ್ಟು ಎಲ್ಲ ಚೆಲ್ಲಬೇಕು. ನಮ್ಮ ಕೈ ಹಿಡಿದದ್ದು ಅಮ್ಮನ ಪೆಟ್ಟಿಗೆಯ ಅವಲಕ್ಕಿ, ಹುರಿಗಡಲೆ, ಚಟ್ನಿಪುಡಿ, ಹುರಿಹಿಟ್ಟು, ಕೋಡುಬಳೆ. ಹಾಗಾಗಿ ಊರಿಂದ ಬರುವವರು ಒಲೆ ಹಚ್ಚದೆ ತಿನ್ನುವಂಥದ್ದನ್ನು ಎರಡು ಕೆ.ಜಿ. ಜಾಸ್ತಿ ತನ್ನಿ. ನೀರು ಒಬ್ಬರಿಗೆ ದಿನಕ್ಕೆ ಸುಮಾರು 4 ಲೀಟರ್ ಲೆಕ್ಕದಲ್ಲಿ ಒಂದು ವಾರಕ್ಕಾಗುವಷ್ಟು ಮುಂಚೆಯೇ ತೆಗೆದಿಡಬೇಕು. ಬಚ್ಚಲ ತೊಟ್ಟಿಯನ್ನೂ ತುಂಬಿಸಿಡಬೇಕು, ಶೌಚಕ್ಕೆ ಬೇಕಾಗುತ್ತದೆ. ನಲ್ಲಿ ಬಂದ ದಿನ ಹಂಡೆ, ಕೊಡ ತುಂಬಿಸಿ ರೂಢಿ ಇರುವ ನಮ್ಮ ಅಮ್ಮಂದಿರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಅವರ ಕೈಗೇ ವಹಿಸಿಬಿಡಿ.

ಜನರೇಟರ್ ಇದ್ದರೆ ಮನೆಯಿಂದ 20 ಅಡಿ ದೂರ, ಹೊರಗೆ. ಗ್ಯಾರೇಜ್ ಬಾಗಿಲು ತೆಗೆದಿಟ್ಟು ಒಳಗೆ ಓಡಿಸಿದರೂ ವಿಷಗಾಳಿ ಮನೆಯೊಳಗೆ ಬರುತ್ತದೆ, ವಾಸನೆಯೇ ಗೊತ್ತಾಗುವುದಿಲ್ಲ. ಇದ್ದಿಲು ಒಲೆ, ಗ್ರಿಲ್ ಕೂಡ ಒಳಗೆ ಹಚ್ಚಬೇಡಿ. ಬಿರುಗಾಳಿ ದಾಟಿ ಬದುಕಿದವರು ಆಮೇಲೆ ಹೀಗೆ ಮಲಗಿದಲ್ಲೇ ಹೋಗಿದ್ದಾರೆ.

ಇನ್ನು ಮಾತ್ರೆ. ಊರಿನ ಡಾಕ್ಟರ ಚೀಟಿಗೆ ಇಲ್ಲಿ ಸಾಮಾನ್ಯವಾಗಿ ಮಾತ್ರೆ ಸಿಗುವುದಿಲ್ಲ. ಹೆಲೀನ್ ಹಿಂದಿನ ದಿನ ಅಪ್ಪನ ಬಿ.ಪಿ. ಮಾತ್ರೆ ಮುಗಿಯುತ್ತಾ ಬಂದಿದೆ ಅಂತ ಗೊತ್ತಾಗಿ ಔಷಧಿ ಅಂಗಡಿಗೆ ಓಡಿದೆ, ಆಗಲ್ಲ ಅಂದರು. ಒಂದು ಕ್ಲಿನಿಕ್‌ನಲ್ಲಿ ಸಾಲು ನಿಂತು ಹೊಸ ಚೀಟಿ ಬರೆಸಬೇಕಾಯಿತು. ಇರುವಷ್ಟು ದಿನಕ್ಕೆ ಬೇಕಾಗುವುದಕ್ಕಿಂತ ಒಂದು ತಿಂಗಳು ಜಾಸ್ತಿ ತನ್ನಿ. ಇನ್ಸುಲಿನ್ ತಗೊಳ್ಳುವವರಿಗೆ ಐಸ್ ಪ್ಯಾಕ್ ಹಾಕಿದ ಪುಟ್ಟ ಡಬ್ಬಿ ಬೇಕು. ಪಾಸ್‌ಪೋರ್ಟ್, ಇನ್ಶೂರೆನ್ಸ್ ಕಾಗದ, ಮಾತ್ರೆ ಹೆಸರುಗಳ ಚೀಟಿ, ಮಕ್ಕಳ ಫೋನ್ ನಂಬರ್ ಎಲ್ಲ ನೀರು ಹೋಗದ ಜಿಪ್ ಚೀಲದಲ್ಲಿ ಹಾಕಿ ನಿಮ್ಮ ಕೈಚೀಲದಲ್ಲೇ ಇಟ್ಟುಕೊಳ್ಳಿ. ಉಸಿರಾಟದ ಯಂತ್ರ ಹಾಕಿಕೊಳ್ಳುವವರಿಗೆ ಕರೆಂಟ್ ಇರುವ ಬೇರೆ ಶೆಲ್ಟರ್ ಇರುತ್ತದೆ. ಅದಕ್ಕೆ ಮೊದಲೇ ಹೆಸರು ಬರೆಸಬೇಕು.

ಊರಲ್ಲಿರುವ ಬಂಧುಗಳಿಗೂ ಒಂದು ಬೇಡಿಕೆ. ಮಿಲ್ಟನ್ ಬಂದ ರಾತ್ರಿ ಅಮ್ಮನ ಫೋನಿಗೆ ಒಂದಾದ ಮೇಲೆ ಒಂದು ಕರೆ. ಎಲ್ಲರದ್ದೂ ಪ್ರೀತಿಯೇ. ಆದರೆ ಚಾರ್ಜ್ ಮಾಡಲು ಕರೆಂಟ್ ಇರಲಿಲ್ಲ, ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿತ್ತು. ಎಲ್ಲಿಯದೋ ಹಳೇ ವಿಡಿಯೋ ಕಳಿಸಿ "ಇದು ನಿಮ್ಮ ಊರಂತೆ, ಹೌದಾ?" ಅಂತ ಕೇಳಿದವರೂ ಇದ್ದರು. ದಯವಿಟ್ಟು ಹಾಗೆ ಮಾಡಬೇಡಿ. ಮನೆಯಲ್ಲಿ ಒಬ್ಬರನ್ನು ಗೊತ್ತು ಮಾಡಿಕೊಳ್ಳಿ. ಇಲ್ಲಿಂದ ಅವರಿಗೆ ದಿನಕ್ಕೆರಡು ಮೆಸೇಜ್ ಬರುತ್ತದೆ, ಅವರು ಎಲ್ಲರಿಗೂ ತಿಳಿಸಲಿ.

ಮನೆ ಕೊಂಡಿರುವ ಮಕ್ಕಳಿಗೆ ಒಂದೇ ಮಾತು. ಸಾಮಾನ್ಯ ಮನೆ ವಿಮೆಯಲ್ಲಿ ಪ್ರವಾಹದ ನಷ್ಟ ಸೇರಿರುವುದಿಲ್ಲ. ಅದಕ್ಕೆ ಬೇರೆ ಫ್ಲಡ್ ಇನ್ಶೂರೆನ್ಸ್ ಮಾಡಿಸಬೇಕು, ಸರ್ಕಾರದ ಪಾಲಿಸಿ ಮಾಡಿಸಿದರೆ ಸಾಮಾನ್ಯವಾಗಿ 30 ದಿನ ಆದ ಮೇಲೇ ಜಾರಿಗೆ ಬರುತ್ತದೆ. ಟಿವಿಯಲ್ಲಿ ಬಿರುಗಾಳಿ ಹೆಸರು ಕೇಳಿದ ಮೇಲೆ ಮಾಡಿಸಿದರೆ ಬರುವುದಿಲ್ಲ. ನಮ್ಮ ಬೀದಿಯ ಕೊನೆಯ ಮನೆಯವರೊಬ್ಬರು ಅದನ್ನು ಮಾಡಿಸಿರಲಿಲ್ಲ. ಈಗ ಆ ಮನೆ ಮಾರಿ ಹೋದರು.

ಈ ವರ್ಷ ಜುಲೈನಲ್ಲಿ ನಮ್ಮ ಅತ್ತೆ ಮಾವ ಬರುತ್ತಿದ್ದಾರೆ, ದಸರಾ ಮುಗಿಸಿಕೊಂಡು ಹೋಗುತ್ತಾರೆ. ಹೋದ ಭಾನುವಾರ ವಿಡಿಯೋ ಕಾಲ್‌ನಲ್ಲಿ ಜೋನ್ ನಕ್ಷೆ ತೋರಿಸಿದೆ, ಫೋನಿನ ಆ ಕಿರುಚುವ ಶಬ್ದವನ್ನೂ ಕೇಳಿಸಿದೆ. ಮಾವ ಒಂದು ಹಾಳೆಯಲ್ಲಿ ಲೇಕ್‌ಲ್ಯಾಂಡ್ ವಿಳಾಸ ಬರೆದುಕೊಂಡರು. ಅಪ್ಪ ಮಾವನಿಗೆ ಆಗಲೇ ಫೋನ್ ಮಾಡಿ, ಮಕ್ಕಳು ಹೊರಡಿ ಅಂದರೆ ಹೊರಟುಬಿಡಿ, ನನ್ನ ಹಾಗೆ ಮಾಡಬೇಡಿ ಅಂದಿದ್ದಾರಂತೆ. ಅಮ್ಮ ಈ ಸಲ ಅತ್ತೆಯ ಕೈಯಲ್ಲಿ ಎರಡು ಕೆ.ಜಿ. ಗಟ್ಟಿ ಅವಲಕ್ಕಿ ಕಳಿಸುತ್ತಿದ್ದಾಳೆ.

ಇಂತಿ,
ಟ್ಯಾಂಪಾದಲ್ಲಿರುವ ಮೈಸೂರಿನ ಓದುಗಿ