ಫೋಟೊದ ಅಳತೆಯೇ ಬೇರೆ, ಫೈಲಿನ ತೂಕವೇ ಬೇರೆ

ಮಾನ್ಯ ಸಂಪಾದಕರೇ,

ಆನ್‌ಲೈನ್ ಅರ್ಜಿಗಳಲ್ಲಿ ಕಾಣುವ ‘ಫೋಟೊ 50 ಕೆಬಿ ಮೀರಬಾರದು’ ಎಂಬ ಒಂದು ಸಾಲಿನ ಸೂಚನೆ ಎಷ್ಟು ಜನರನ್ನು ಗೋಳುಹೊಯ್ದುಕೊಳ್ಳುತ್ತಿದೆ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಅಂಥ ಅರ್ಜಿಗಳನ್ನು ರೂಪಿಸುವವರ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ಈಚೆಗೆ ನನ್ನ ಅಣ್ಣನ ಮಗಳು ಒಂದು ಕೆಲಸಕ್ಕೆ ಅರ್ಜಿ ತುಂಬಲು ಕುಳಿತಿದ್ದಳು. ಅಂದೇ ಕೊನೆಯ ದಿನ. ಉಳಿದ ವಿವರಗಳೆಲ್ಲ ಅರ್ಧ ಗಂಟೆಯಲ್ಲಿ ಮುಗಿದವು. ಫೋಟೊ ಒಂದಕ್ಕೇ ಎರಡು ಗಂಟೆ ಹಿಡಿಯಿತು. ಮೊಬೈಲಿನಲ್ಲಿ ತೆಗೆದ ಚಿತ್ರ 4000 × 3000 ಪಿಕ್ಸೆಲ್‌ನದು, ಫೈಲು ಸುಮಾರು 4 ಎಂಬಿ. (ಪಿಕ್ಸೆಲ್ ಎಂದರೆ ಚಿತ್ರವನ್ನು ಕೂಡಿಸುವ ಒಂದೊಂದು ಬಣ್ಣದ ಚುಕ್ಕೆ.) ಅವಳು ಅದನ್ನು ಒಂದು ಆ್ಯಪ್‌ನಲ್ಲಿ ತೆರೆದು, ಗುಣಮಟ್ಟದ ಗುರುತನ್ನು ನೂರರಿಂದ ಅರವತ್ತಕ್ಕೆ, ಮೂವತ್ತಕ್ಕೆ, ಹತ್ತಕ್ಕೆ ಎಳೆಯುತ್ತ ಹೋದಳು. ಕೆನ್ನೆಯ ಮೇಲೆ ಚೌಕಗಳೆದ್ದವು, ಹಿಂದಿನ ಬಿಳಿ ಗೋಡೆ ಪಟ್ಟೆಪಟ್ಟೆಯಾಯಿತು, ಕೂದಲಿನ ಅಂಚು ಕದಡಿಹೋಯಿತು; ಆದರೂ ಫೈಲು 50 ಕೆಬಿಗೆ ಇಳಿಯಲಿಲ್ಲ. ‘ಚಿಕ್ಕಪ್ಪ, ಇದು ನಾನೇ ಅಂತ ಯಾರು ನಂಬ್ತಾರೆ?’ ಎಂದು ಅವಳು ಕೇಳಿದಾಗ ಅಳುವುದೊಂದು ಬಾಕಿಯಿತ್ತು. ಮೂಲ ಚಿತ್ರವನ್ನೇ ಮತ್ತೆ ತೆರೆದು, ತಲೆ ಮತ್ತು ಭುಜ ಕಾಣುವಷ್ಟನ್ನು ಕತ್ತರಿಸಿ, 413 × 531 ಪಿಕ್ಸೆಲ್‌ಗೆ ಇಳಿಸಿ, ಗುಣಮಟ್ಟವನ್ನು 85ರಲ್ಲೇ ಬಿಟ್ಟು ಉಳಿಸಿದೆವು. ಫೈಲು ನಲವತ್ತು ಕೆಬಿಯ ಆಸುಪಾಸಿಗೆ ಬಂತು, ಮುಖ ಮುಖವಾಗಿಯೇ ಉಳಿಯಿತು. ಇಷ್ಟಕ್ಕೆ ಎರಡು ನಿಮಿಷ ಸಾಕಾಯಿತು.

ಅವಳು ಓದಿಕೊಂಡವಳು, ತಪ್ಪು ಅವಳದಲ್ಲ. ಚಿತ್ರದ ಅಳತೆ ಬೇರೆ, ಫೈಲಿನ ತೂಕ ಬೇರೆ ಎಂಬುದನ್ನು ಆ ಅರ್ಜಿ ಎಲ್ಲಿಯೂ ಹೇಳಿರಲಿಲ್ಲ. ಅಳತೆ ಎಂದರೆ ಉದ್ದಗಲದಲ್ಲಿ ಎಷ್ಟು ಪಿಕ್ಸೆಲ್‌ಗಳಿವೆ ಎಂಬುದು. ತೂಕ ಎಂದರೆ ಆ ಪಿಕ್ಸೆಲ್‌ಗಳನ್ನು ಬರೆದಿಡಲು ಎಷ್ಟು ಜಾಗ ಬೇಕಾಯಿತು ಎಂಬುದು. 4000 × 3000ರ ಚಿತ್ರದಲ್ಲಿ 1.2 ಕೋಟಿ ಪಿಕ್ಸೆಲ್‌ಗಳಿರುತ್ತವೆ. ಒಂದೊಂದಕ್ಕೂ ಕೆಂಪು, ಹಸಿರು, ನೀಲಿ ಎಂದು ಮೂರು ಬೈಟ್ ಲೆಕ್ಕ ಹಿಡಿದರೆ 3.6 ಕೋಟಿ ಬೈಟ್, ಅಂದರೆ 36 ಎಂಬಿ ಆಗಬೇಕು. ಅದು ಮೂರು ನಾಲ್ಕು ಎಂಬಿಗೆ ಇಳಿಯುವುದು ಜೆಪೆಗ್ ಎಂಬ ವಿಧಾನದಿಂದ. 1992ರಲ್ಲಿ ಅಂತರರಾಷ್ಟ್ರೀಯ ಮಾನದಂಡವಾದ ಈ ವಿಧಾನದ ಬುಡದಲ್ಲಿರುವುದು ನಾಸಿರ್ ಅಹ್ಮದ್, ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರು 1974ರಲ್ಲಿ ಪ್ರಕಟಿಸಿದ ಗಣಿತ. ಚಿತ್ರವನ್ನು ಎಂಟು ಪಿಕ್ಸೆಲ್ ಉದ್ದ, ಎಂಟು ಪಿಕ್ಸೆಲ್ ಅಗಲದ ಚೌಕಗಳಾಗಿ ಹೆಚ್ಚಿ, ಪ್ರತಿ ಚೌಕದೊಳಗಿನ ಏರಿಳಿತವನ್ನು ಅಲೆಗಳ ಲೆಕ್ಕದಲ್ಲಿ ಬರೆದು, ಕಣ್ಣು ಅಷ್ಟಾಗಿ ಗುರುತಿಸದ ನವಿರಾದ ಅಲೆಗಳನ್ನು ಕೈಬಿಡುವುದು ಅದರ ಕ್ರಮ. ಎಷ್ಟು ಕೈಬಿಡಬೇಕೆಂಬುದನ್ನು ತೀರ್ಮಾನಿಸುವುದೇ ಆ ಗುಣಮಟ್ಟದ ಗುರುತು.

ಈಗ ಅವಳ ಫೋಟೊದ ಲೆಕ್ಕ ನೋಡಿ. 1.2 ಕೋಟಿ ಪಿಕ್ಸೆಲ್‌ಗಳನ್ನು ಹೆಚ್ಚಿದರೆ 1,87,500 ಚೌಕಗಳಾಗುತ್ತವೆ. 50 ಕೆಬಿ ಎಂದರೆ ಸುಮಾರು 50 ಸಾವಿರ ಬೈಟ್; ಒಂದು ಬೈಟ್‌ಗೆ ಎಂಟು ಬಿಟ್‌ನಂತೆ ಸುಮಾರು ನಾಲ್ಕು ಲಕ್ಷ ಬಿಟ್. ಚೌಕವೊಂದರ ಪಾಲಿಗೆ ಎರಡು ಬಿಟ್ ಬಂದರೆ ಹೆಚ್ಚು. ಅದರಲ್ಲಿ ಕಣ್ಣು ಮೂಗು ಇರಲಿ, ಚೌಕದ ಬಣ್ಣವನ್ನೂ ಸರಿಯಾಗಿ ಹೇಳಲಾಗದು. ಅದೇ 413 × 531ರ ಚಿತ್ರದಲ್ಲಿ ಸುಮಾರು 3,400 ಚೌಕಗಳಷ್ಟೇ ಇರುವುದರಿಂದ, ಅಷ್ಟೇ 50 ಕೆಬಿಯಲ್ಲಿ ಒಂದೊಂದು ಚೌಕಕ್ಕೂ ನೂರಕ್ಕಿಂತ ಹೆಚ್ಚು ಬಿಟ್ ಸಿಗುತ್ತವೆ. ಆದ್ದರಿಂದ ಮೊದಲು ಬೇಡದ ಭಾಗವನ್ನು ಕತ್ತರಿಸಬೇಕು, ಆಮೇಲೆ ಪಿಕ್ಸೆಲ್ ಇಳಿಸಬೇಕು, ಗುಣಮಟ್ಟಕ್ಕೆ ಕೈಹಾಕುವುದು ಕೊನೆಗೆ, ಅದೂ ಅಗತ್ಯವಿದ್ದರೆ ಮಾತ್ರ. ಉದ್ದಗಲಗಳೆರಡನ್ನೂ ಅರ್ಧಕ್ಕಿಳಿಸಿದರೆ ಪಿಕ್ಸೆಲ್‌ಗಳು ಕಾಲು ಭಾಗಕ್ಕೆ ಇಳಿಯುತ್ತವೆ ಎಂಬುದು ನೆನಪಿದ್ದರೆ ಸಾಕು, ಅಂದಾಜು ತಾನಾಗಿಯೇ ಬರುತ್ತದೆ. ಉದ್ದವನ್ನಷ್ಟೇ ಬದಲಿಸಿ ಅಗಲವನ್ನು ಹಾಗೆಯೇ ಬಿಟ್ಟರೆ ಮುಖ ಹಿಗ್ಗಿಯೋ ಕುಗ್ಗಿಯೋ ಬೇರೆ ಯಾರದೋ ಆಗುತ್ತದೆ. ಅನುಪಾತವನ್ನು ಕಾಯ್ದುಕೊಳ್ಳುವ ಆಯ್ಕೆಯನ್ನು ಎಂದೂ ತೆಗೆಯಬಾರದು.

ಕೆಲವು ಅರ್ಜಿಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ ‘200 ಡಿಪಿಐ ಇರಬೇಕು’ ಎನ್ನುತ್ತವೆ. ಡಿಪಿಐ ಎಂಬುದು ಮುದ್ರಿಸುವಾಗ ಒಂದು ಇಂಚಿನಲ್ಲಿ ಎಷ್ಟು ಚುಕ್ಕೆ ಕೂರಿಸಬೇಕೆಂಬ ಸೂಚನೆ ಮಾತ್ರ. ಫೈಲಿನೊಳಗೆ ಆ ಅಂಕಿಯೊಂದನ್ನೇ 72ರಿಂದ 300ಕ್ಕೆ ತಿದ್ದಿದರೆ ಚಿತ್ರದ ಒಂದು ಪಿಕ್ಸೆಲ್ ಕೂಡ ಬದಲಾಗುವುದಿಲ್ಲ. 3.5 × 4.5 ಸೆಂಟಿಮೀಟರ್ ಫೋಟೊವನ್ನು 300 ಡಿಪಿಐನಲ್ಲಿ ಮುದ್ರಿಸಬೇಕಾದರೆ ಬೇಕಾಗುವುದು 413 × 531 ಪಿಕ್ಸೆಲ್. ಅರ್ಜಿಯಲ್ಲಿ ಆ ಎರಡು ಅಂಕಿಗಳನ್ನೇ ಬರೆದುಬಿಟ್ಟರೆ ಯಾರಿಗೂ ಗೊಂದಲವಿರುವುದಿಲ್ಲ.

ನನ್ನ ಮುಖ್ಯ ತಕರಾರು ಇಲ್ಲಿಯೇ ಇದೆ. ಫೋಟೊ ಕಿರಿದು ಮಾಡುವ ಹೊರೆಯನ್ನು ಅರ್ಜಿದಾರರ ತಲೆಯ ಮೇಲೆ ಏಕೆ ಹೊರಿಸಬೇಕು? ದೊಡ್ಡ ಫೈಲನ್ನು ಪಡೆದು ತಾನೇ ಕಿರಿದು ಮಾಡಿಕೊಳ್ಳುವುದು ಸರ್ವರ್‌ಗೆ ಕಷ್ಟದ ಕೆಲಸವಲ್ಲ. ಇದನ್ನು ಮಾಡಬಲ್ಲ ಇಮೇಜ್‌ಮ್ಯಾಜಿಕ್ ಎಂಬ ಮುಕ್ತ ತಂತ್ರಾಂಶ 1990ರಿಂದಲೂ ಇದೆ. ಡೇಟಾ ಉಳಿಸಬೇಕೆಂದಿದ್ದರೆ ಚಿತ್ರ ಹೊರಡುವ ಮುನ್ನ ಬಳಕೆದಾರರ ಬ್ರೌಸರ್‌ನಲ್ಲಿಯೇ ಕತ್ತರಿಸಿ ಕಿರಿದಾಗಿಸುವ ವ್ಯವಸ್ಥೆಯನ್ನೂ ಮಾಡಬಹುದು. ಹೊರೆಯನ್ನು ಜನರ ಮೇಲೆ ಹಾಕಿದ್ದರ ಪರಿಣಾಮ ಬರೀ ಕಿರಿಕಿರಿಯಲ್ಲ. ಕೊನೆಯ ಗಳಿಗೆಯಲ್ಲಿ ಕಂಗೆಟ್ಟವರು ಹುಡುಕಿದಾಗ ಮೊದಲು ಸಿಕ್ಕ, ಯಾರು ನಡೆಸುತ್ತಾರೆಂದೇ ತಿಳಿಯದ ಉಚಿತ ರಿಸೈಜ್ ತಾಣಕ್ಕೆ ತಮ್ಮ ಮುಖವನ್ನಷ್ಟೇ ಅಲ್ಲ, ಸಹಿಯನ್ನೂ ಗುರುತಿನ ಚೀಟಿಯನ್ನೂ ಏರಿಸಿಬಿಡುತ್ತಾರೆ. ಮುಖ, ಸಹಿ, ಗುರುತಿನ ಸಂಖ್ಯೆ ಮೂರೂ ಒಂದೇ ಕಡೆ ಅಪರಿಚಿತರ ಕೈಸೇರುವುದನ್ನು ನೆನೆದರೆ ನನಗೆ ದಿಗಿಲಾಗುತ್ತದೆ. ವಿಂಡೋಸ್‌ನ ಪೇಂಟ್, ಮ್ಯಾಕ್‌ನ ಪ್ರಿವ್ಯೂ, ಉಚಿತವಾದ ಗಿಂಪ್ ಇವೆಲ್ಲ ಚಿತ್ರವನ್ನು ಹೊರಗೆ ಕಳಿಸದೆ ನಮ್ಮ ಯಂತ್ರದಲ್ಲಿಯೇ ಈ ಕೆಲಸ ಮುಗಿಸುತ್ತವೆ ಎಂಬುದನ್ನು ಅರ್ಜಿಯ ಸೂಚನೆಗಳಲ್ಲಿ ಒಂದು ಸಾಲು ಸೇರಿಸಿ ತಿಳಿಸಿದರೂ ಉಪಕಾರವಾಗುತ್ತದೆ.

ಹಂಚಿಕೊಳ್ಳುವ ಚಿತ್ರಗಳ ವಿಷಯದಲ್ಲಿ ಇದೇ ಅಜ್ಞಾನ ಇನ್ನೊಂದು ನಷ್ಟ ಮಾಡುತ್ತಿದೆ. ಸಂದೇಶ ಆ್ಯಪ್‌ಗಳು ಸಾಮಾನ್ಯವಾಗಿ ಫೋಟೊವನ್ನು ಕುಗ್ಗಿಸಿಯೇ ಕಳಿಸುತ್ತವೆ. ಪರದೆಯ ಮೇಲೆ ನೋಡಲು ಅದು ತಕ್ಕುದಾಗಿಯೇ ಇರುತ್ತದೆ, ಏಕೆಂದರೆ 1920 × 1080ರ ಪರದೆಯಲ್ಲಿರುವುದು ಇಪ್ಪತ್ತೊಂದು ಲಕ್ಷಕ್ಕಿಂತ ಕಡಿಮೆ ಪಿಕ್ಸೆಲ್. ಆದರೆ ಜಾಗವಿಲ್ಲವೆಂದು ಮೂಲ ಚಿತ್ರವನ್ನು ಅಳಿಸಿ, ಕುಗ್ಗಿದ ಪ್ರತಿಯನ್ನಷ್ಟೇ ಇಟ್ಟುಕೊಂಡವರಿಗೆ ಮುಂದೊಂದು ದಿನ ಅದನ್ನು ದೊಡ್ಡದಾಗಿ ಮುದ್ರಿಸಿ ಗೋಡೆಗೆ ಹಾಕಬೇಕೆನಿಸಿದಾಗ ಕಳೆದುಹೋದ ವಿವರ ಮರಳಿ ಸಿಗುವುದಿಲ್ಲ. ಹಿಗ್ಗಿಸುವ ತಂತ್ರಾಂಶ ಎಷ್ಟೇ ಜಾಣತನದ್ದಾದರೂ ಅದು ಊಹಿಸಿ ತುಂಬಬಲ್ಲದೇ ಹೊರತು ಅಮ್ಮನ ಮುಖದ ನಿಜವಾದ ಸುಕ್ಕನ್ನು ತಂದುಕೊಡಲಾರದು. ಕಿರಿದು ಮಾಡುವಾಗಲೆಲ್ಲ ‘ಸೇವ್’ ಒತ್ತದೆ ಬೇರೆ ಹೆಸರಿನಲ್ಲಿ ಪ್ರತಿ ಮಾಡಿಟ್ಟುಕೊಳ್ಳುವುದು ಇದಕ್ಕಾಗಿಯೇ. ಜತೆಗೆ, ಫೋನಿನಲ್ಲಿ ಲೊಕೇಶನ್ ತೆರೆದಿಟ್ಟಿದ್ದರೆ ಚಿತ್ರ ತೆಗೆದ ಸ್ಥಳದ ಅಕ್ಷಾಂಶ ರೇಖಾಂಶಗಳು ಫೈಲಿನೊಳಗೇ ಕುಳಿತಿರುತ್ತವೆ. ಅಳತೆ ಇಳಿಸಿದ ಮಾತ್ರಕ್ಕೆ ಅವು ಹೋಗಿರುತ್ತವೆ ಎಂದು ನಂಬುವಂತಿಲ್ಲ. ಮಕ್ಕಳ ಫೋಟೊ ಹಾಕುವವರು ಇದನ್ನು ಪ್ರತ್ಯೇಕವಾಗಿ ತೆಗೆದುಹಾಕಬೇಕು.

ಕೊನೆಯದಾಗಿ ತಮ್ಮಲ್ಲಿಯೇ ಒಂದು ವಿನಂತಿ. ಓದುಗರಿಂದ ಚಿತ್ರಗಳನ್ನು ಆಹ್ವಾನಿಸುವಾಗ ಪತ್ರಿಕೆಗಳು ‘ಉತ್ತಮ ಗುಣಮಟ್ಟದ ಫೋಟೊ ಕಳಿಸಿ’ ಎಂದಷ್ಟೇ ಬರೆಯುತ್ತವೆ. ಉತ್ತಮ ಎಂದರೆ ಎಷ್ಟು ಎಂಬುದು ಕಳಿಸುವವರಿಗೆ ತಿಳಿಯುವುದು ಹೇಗೆ? ಆರು ಇಂಚು ಅಗಲದ ಚಿತ್ರವನ್ನು 300 ಡಿಪಿಐನಲ್ಲಿ ಮುದ್ರಿಸಲು 1800 ಪಿಕ್ಸೆಲ್ ಬೇಕು. ಹಾಗಾಗಿ ‘ಉದ್ದನೆಯ ಬದಿ 1800 ಪಿಕ್ಸೆಲ್‌ಗಿಂತ ಕಡಿಮೆ ಇರಬಾರದು, ಆ್ಯಪ್‌ನಲ್ಲಿ ಕಳಿಸುವುದಾದರೆ ಫೋಟೊ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ’ ಎಂದು ಮುಂದಿನ ಆಹ್ವಾನದಿಂದಲೇ ಸ್ಪಷ್ಟವಾಗಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ತಮ್ಮ ಪತ್ರಿಕೆಯ ಓದುಗ