ಬಿಭಾ ಎಂಬ ನಕ್ಷತ್ರ: ಮಗಳಿಗೊಂದು ಪತ್ರ

ಶಿರಸಿ
ಫೆಬ್ರುವರಿ, ಶುಕ್ರವಾರ ರಾತ್ರಿ

ಪ್ರೀತಿಯ ಕೂಸೇ,

ಮೊನ್ನೆ ಫೋನಿನಲ್ಲಿ "ಬಿಡು ಆಯಿ, ನಂಗೇನೂ ಬೇಜಾರಿಲ್ಲ" ಎಂದೆಯಲ್ಲ, ಅದನ್ನು ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ನಿನಗೆ ಬೇಜಾರಾಗಿದೆ. ಬೇಜಾರಾದಾಗ ನಿನ್ನ ದನಿ ಹಾಗೇ ಸಣ್ಣಗಾಗುತ್ತದೆ. ಪ್ರಾಜೆಕ್ಟಿನ ಅಳತೆಗಳನ್ನೆಲ್ಲ ತೆಗೆದವಳು ನೀನು. ರಾತ್ರಿಯಾದರೂ ಲ್ಯಾಬಿನಲ್ಲೇ ಕೂತವಳು ನೀನು. ಪೋಸ್ಟರಿನ ಮೇಲೆ ಮಾತ್ರ ಇಬ್ಬರು ಹುಡುಗರ ಹೆಸರು. ಫೋನಿನಲ್ಲಿ ನನಗೆ ಏನು ಹೇಳಬೇಕೋ ತೋಚಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ಕೊನೆ ಕೊಯ್ಲು ಮುಗಿಯುತ್ತ ಬಂತು. ಅಡಿಕೆ ಸುಲಿಯುವವರು ಒಂಬತ್ತು ಗಂಟೆಗೆ ಮೆಟ್ಟುಗತ್ತಿ ಎತ್ತಿಟ್ಟು ಹೋದರು. ಅಂಗಳದ ದೀಪ ಆರಿಸಿ ನೋಡಿದರೆ ತೋಟದ ಮೇಲೆ ಸಿಂಹ ರಾಶಿ ಏರಿತ್ತು. ಮಖಾ ನಕ್ಷತ್ರ ನಿನಗೆ ಗೊತ್ತು, ನಾಲ್ಕನೇ ಕ್ಲಾಸಿನಲ್ಲೇ ತೋರಿಸಿದ್ದೆ. ಕೈ ಚಾಚಿ ಮುಷ್ಟಿ ಹಿಡಿದರೆ, ಅಲ್ಲಿಂದ ದಕ್ಷಿಣಕ್ಕೆ ಒಂದೂವರೆ ಮುಷ್ಟಿಯಷ್ಟು ದೂರ. ಬರಿಗಣ್ಣಿಗೆ ಅಲ್ಲಿ ಏನೂ ಕಾಣುವುದಿಲ್ಲ. ಆ ಖಾಲಿ ಜಾಗವನ್ನೇ ನೋಡುತ್ತ ಸುಮ್ನೆ ನಿಂತಿದ್ದೆ. ಅಲ್ಲೊಂದು ನಕ್ಷತ್ರವಿದೆ. ಅದರ ಹೆಸರು ಬಿಭಾ.

ಮೊದಲು ಅದಕ್ಕೆ ಬರೀ ನಂಬರ್ ಇತ್ತು, ಎಚ್‌ಡಿ 86081 ಅಂತ. 2019ರಲ್ಲಿ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟಕ್ಕೆ ನೂರು ವರ್ಷ ತುಂಬಿತು. ಆಗ ಒಂದೊಂದು ದೇಶಕ್ಕೂ ಒಂದು ನಕ್ಷತ್ರ, ಅದನ್ನು ಸುತ್ತುವ ಒಂದು ಗ್ರಹ ಕೊಟ್ಟು ಹೆಸರಿಡಿ ಎಂದರು. ನಮಗೆ ಸಿಕ್ಕಿದ್ದು ಇದು. ಹೆಸರು ಸೂಚಿಸಿದವರು ವಿದ್ಯಾರ್ಥಿಗಳು, ಆರಿಸಿದ್ದು ಜನರ ಮತದಿಂದ. ಬಂಗಾಳಿಯವರ ಬಿಭಾ ಅಂದರೆ ನಮ್ಮ ವಿಭಾ, ಬೆಳಕಿನ ಕಿರಣ. ಗ್ರಹಕ್ಕೆ ಸಂತಮಸ ಎಂದು ಹೆಸರಿಟ್ಟರು. ಮೋಡ ಕವಿದದ್ದು ಎಂಬ ಅರ್ಥದಲ್ಲಿ.

ಈ ಸಂತಮಸ ಕಡಿಮೆಯೆಂದರೂ ನಮ್ಮ ಗುರುಗ್ರಹಕ್ಕಿಂತ ಒಂದೂವರೆ ಪಟ್ಟು ತೂಕದ್ದು. ಅಷ್ಟು ದೊಡ್ಡದಾದರೂ ನಕ್ಷತ್ರಕ್ಕೆ ಅಂಟಿಕೊಂಡ ಹಾಗೆ ಸುತ್ತುತ್ತದೆ. ಬುಧ ನಮ್ಮ ಸೂರ್ಯನಿಗೆ ಎಷ್ಟು ಹತ್ತಿರ ಇದೆಯೋ ಅದಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ ಹತ್ತಿರ. ಒಂದು ಸುತ್ತಿಗೆ 2.14 ದಿನ. ಸೋಮವಾರ ಬೆಳಿಗ್ಗೆ ಆರಕ್ಕೆ ಅಲ್ಲಿ ಹೊಸ ವರ್ಷ ಶುರುವಾದರೆ, ಬುಧವಾರ ನಾನು ತೆಳ್ಳೇವು ಎರೆದು ಮುಗಿಸುವಷ್ಟರಲ್ಲಿ ಆ ವರ್ಷವೇ ಮುಗಿದಿರುತ್ತದೆ.

ಇದನ್ನು ಹುಡುಕಿದ್ದು 2006ರಲ್ಲಿ. ಗ್ರಹವನ್ನು ಯಾರೂ ನೋಡಿರಲಿಲ್ಲ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಮರದಿಂದ ಮರಕ್ಕೆ ದಾಟುವುದನ್ನು ನೀನು ಎಷ್ಟು ಸಲ ನೋಡಿಲ್ಲ? ಬ್ಯಾಣದ ಗುಡ್ಡದ ಮೇಲಿಂದ ನೋಡಿದರೆ ಆಳು ಕಾಣುವುದಿಲ್ಲ. ಅಡಿಕೆ ಮರದ ತಲೆ ಓಲಾಡುತ್ತದೆ, ಅಲ್ಲಿ ಒಬ್ಬ ಇದ್ದಾನೆ ಅಂತ ಗೊತ್ತಾಗುತ್ತದೆ. ಇಲ್ಲೂ ಹಾಗೇ. ಗ್ರಹ ಸುತ್ತುವಾಗ ಅದರ ಎಳೆತಕ್ಕೆ ನಕ್ಷತ್ರವೂ ಓಲಾಡುತ್ತದೆ. ಸೆಕೆಂಡಿಗೆ ಸುಮಾರು 200 ಮೀಟರ್ ವೇಗದಲ್ಲಿ ಒಮ್ಮೆ ನಮ್ಮ ಕಡೆಗೆ, ಒಮ್ಮೆ ಆ ಕಡೆಗೆ. ನಮ್ಮ ಕಡೆ ಬರುವಾಗ ಅದರ ಬೆಳಕು ತುಸು ನೀಲಿಯ ಕಡೆಗೆ ಸರಿಯುತ್ತದೆ, ದೂರ ಹೋಗುವಾಗ ಕೆಂಪಿನ ಕಡೆಗೆ. ಎರಡು ದಿನಕ್ಕೊಮ್ಮೆ ಮರಳಿ ಬರುವ ಆ ಚೂರು ಬದಲಾವಣೆಯನ್ನು ಅಳೆದೇ ಗ್ರಹ ಇದೆ ಎಂದರು, ಅದು ಕಡಿಮೆಯೆಂದರೆ ಎಷ್ಟು ತೂಕದ್ದು ಎಂದೂ ಹೇಳಿದರು.

ಆ ಬೆಳಕು ನಮ್ಮಲ್ಲಿಗೆ ಬರಲು ಸುಮಾರು 340 ವರ್ಷ ಬೇಕು. ಇವತ್ತು ರಾತ್ರಿ ನಮ್ಮ ತೋಟದ ಮೇಲೆ ಬಿದ್ದ ಬೆಳಕು ಅಲ್ಲಿಂದ ಹೊರಟಾಗ ನಮ್ಮ ಸೋಂದೆಯಲ್ಲಿ ಅರಸರಿದ್ದರು. ಅತ್ತ ಕೆಳದಿಯ ರಾಜ್ಯವನ್ನು ಚೆನ್ನಮ್ಮ ಆಳುತ್ತಿದ್ದಳು.

ಇನ್ನು ಬಿಭಾ ಯಾರು ಎಂಬ ಮಾತು. ಬಿಭಾ ಚೌಧುರಿ ಹುಟ್ಟಿದ್ದು 1913ರಲ್ಲಿ. 1936ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಎಂಎಸ್ಸಿ ಮಾಡಿದವರಲ್ಲಿ ಅವರೊಬ್ಬರೇ ಹೆಂಗಸು. ಆಮೇಲೆ ಭೌತವಿಜ್ಞಾನಿ ಡಿ. ಎಂ. ಬೋಸ್ ಅವರ ಜೊತೆ ಕೆಲಸ. ಡಾರ್ಜಿಲಿಂಗಿನ ಗುಡ್ಡದ ಮೇಲೆ ಫೋಟೋ ಪ್ಲೇಟುಗಳನ್ನು ತಿಂಗಳುಗಟ್ಟಲೆ ಇಡುತ್ತಿದ್ದರು. ಆಕಾಶದಿಂದ ಬೀಳುವ ಕಾಸ್ಮಿಕ್ ಕಿರಣಗಳು ಅದರಲ್ಲಿ ಗೀರು ಎಳೆಯುತ್ತಿದ್ದವು. ಆ ಗೀರುಗಳನ್ನು ಮೈಕ್ರೋಸ್ಕೋಪಿನಲ್ಲಿ ಒಂದೊಂದಾಗಿ ಅಳೆಯುವುದು. ಎಲೆಕ್ಟ್ರಾನಿಗಿಂತ ಸುಮಾರು 200 ಪಟ್ಟು ತೂಕದ ಕಣದ ಗುರುತು ಅವರಿಗೆ ಸಿಕ್ಕಿತು. 1940ರಿಂದ 1942ರೊಳಗೆ 'ನೇಚರ್' ಪತ್ರಿಕೆಯಲ್ಲಿ ಇಬ್ಬರ ಹೆಸರಿನಲ್ಲಿ ಬರಹಗಳು ಬಂದವು. ಅಷ್ಟರಲ್ಲಿ ಯುದ್ಧ. ಇನ್ನೂ ಸೂಕ್ಷ್ಮವಾದ ಪ್ಲೇಟ್ ಬೇಕಿತ್ತು, ಸಿಗಲಿಲ್ಲ. ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ಸೆಸಿಲ್ ಪೊವೆಲ್ ಒಳ್ಳೆಯ ಪ್ಲೇಟುಗಳಲ್ಲಿ ಅದೇ ಥರ ಕೆಲಸ ಮಾಡಿ ಪಯಾನ್ ಎಂಬ ಕಣವನ್ನು ಕಂಡರು. 1950ರಲ್ಲಿ ಅವರಿಗೆ ನೊಬೆಲ್ ಬಂತು.

ಇದನ್ನು ಓದಿದಾಗ ನನಗೆ ಹೊಟ್ಟೆ ಚುರುಕ್ ಎಂದಿತು. ಆದರೆ ಬಿಭಾ ಕೂತು ಅಳಲಿಲ್ಲ. ಮ್ಯಾಂಚೆಸ್ಟರಿಗೆ ಹೋಗಿ ಭೌತವಿಜ್ಞಾನಿ ಬ್ಲಾಕೆಟ್ ಅವರ ಹತ್ತಿರ ಪಿಎಚ್‌ಡಿ ಮಾಡಿದರು. ಮರಳಿ ಬಂದು ಮುಂಬೈಯ ಟಾಟಾ ಸಂಶೋಧನಾ ಸಂಸ್ಥೆ ಸೇರಿದರು. ನಮ್ಮ ಕೋಲಾರದ ಚಿನ್ನದ ಗಣಿಯ ಪ್ರಯೋಗಗಳಲ್ಲೂ ಅವರ ಕೈಯಿತ್ತು. ಅಷ್ಟು ಆಳದಲ್ಲಿ ಬೇರೆ ಕಣಗಳನ್ನೆಲ್ಲ ಬಂಡೆ ತಡೆಯುತ್ತದೆ, ತೂರಿ ಬರುವವು ಮಾತ್ರ ಸಿಗುತ್ತವೆ. 1991ರಲ್ಲಿ ತೀರಿಕೊಂಡರು. ದೊಡ್ಡ ಪ್ರಶಸ್ತಿ ಯಾವುದೂ ಬಂದಿರಲಿಲ್ಲ.

ಅವರ ಕಥೆ ನಿನ್ನ ಕಥೆ ಅಲ್ಲ ಕೂಸೇ, ಅದು ನನಗೂ ಗೊತ್ತು. ಅವರ ಹೆಸರನ್ನು ಬರಹದ ಮೇಲಿಂದ ಯಾರೂ ತೆಗೆದಿರಲಿಲ್ಲ. ಜನ ಮರೆತರು, ಅಷ್ಟೇ. ಹೆಸರು ಮಾತ್ರ ಆ ಪುಟದಲ್ಲಿ ಹಾಗೇ ಇತ್ತು. ಹಾಗಿದ್ದದ್ದಕ್ಕೇ ಮುಂದೆ ಯಾರೋ ಹುಡುಕಿ ಅವರ ಬಗ್ಗೆ ಬರೆದರು, ಇನ್ಯಾರೋ ಅದನ್ನು ನಕ್ಷತ್ರಕ್ಕೆ ಸೂಚಿಸಿದರು. ಪುಟದಲ್ಲೇ ಇಲ್ಲದಿದ್ದರೆ ಎಲ್ಲಿಂದ ಹುಡುಕುತ್ತಿದ್ದರು ಹೇಳು?

ಅದಕ್ಕೇ "ಬಿಡು ಆಯಿ" ಎನ್ನಬೇಡ. ಸೋಮವಾರ ಗೈಡ್ ಹತ್ತಿರ ಹೋಗು. ಜಗಳ ಬೇಡ, ಅಳುವುದೂ ಬೇಡ. ತಾರೀಖು ಹಾಕಿ ಅಳತೆ ಬರೆದ ನಿನ್ನ ನೋಟ್‌ಬುಕ್ಕನ್ನು ಅವರ ಟೇಬಲ್ಲಿನ ಮೇಲಿಟ್ಟು, ಪೋಸ್ಟರಿಗೆ ನನ್ನ ಹೆಸರು ಸೇರಿಸಿ ಎಂದು ಕೇಳು. ಆ ಹುಡುಗರಿಗೂ ಮುಖಕ್ಕೇ ಹೇಳು. ಒಬ್ಬಳೇ ಹೋಗಲು ಧೈರ್ಯ ಸಾಲದಿದ್ದರೆ ಇವತ್ತೇ ಹೇಳು, ಭಾನುವಾರ ಸಂಜೆಯ ಬಸ್ಸಿಗೆ ಹೊರಟು ಬರುತ್ತೇನೆ. ಉಳಿದ ಅಡಿಕೆಯನ್ನು ಅಪ್ಪ ನೋಡಿಕೊಳ್ಳುತ್ತಾರೆ.

ಸೋಮವಾರ ಸಂಜೆ ಫೋನ್ ಮಾಡು. ಕಾಯುತ್ತಿರುತ್ತೇನೆ.

ನಿನ್ನ
ಆಯಿ