ಅಪ್ಪನಿಗೆ, ಬೆಂಚಿನ ಹುಡುಗನ ವಿಚಾರ

ಆಸ್ಟಿನ್, ಟೆಕ್ಸಾಸ್
ನವೆಂಬರ್ ಕೊನೆ

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಅಮ್ಮ ಕಳಿಸಿದ ಚಟ್ನಿಪುಡಿ ಬಂತು, ಅರ್ಧ ಡಬ್ಬಿ ಆಗಲೇ ಖಾಲಿ. ಚಿಕ್ಕಪ್ಪ ಕೊಬ್ಬರಿ ಮಾರಿದರೋ, ಇನ್ನೂ ರೇಟು ಏರಲಿ ಅಂತ ಅಟ್ಟದಲ್ಲೇ ಇಟ್ಟುಕೊಂಡು ಕೂತಿದ್ದಾರೋ?

ಮೊನ್ನೆ ಫೋನ್ ಕಟ್ ಆಗುವ ಹೊತ್ತಿಗೆ ನೀವು ಕೇಳಿದಿರಿ: "ಕಾಲೇಜಲ್ಲೇ ಬೆಂಚಿನ ಮೇಲೆ ಕೂರಿಸಿರೋ ಹುಡುಗ ಮುಂದೆ ದುಡ್ಡಿಗೆ ಆಡ್ತೀನಿ ಅಂತಾನಲ್ಲ, ಅದು ಹೆಂಗಮ್ಮಾ ಸಾಧ್ಯ?" ಪಿ.ಟಿ. ಮೇಷ್ಟ್ರು ಕೇಳುವ ಪ್ರಶ್ನೆಯೇ ಅದು. ಫೋನಿನಲ್ಲಿ ಹೇಳಿ ಮುಗಿಯುವುದಲ್ಲ, ಅದಕ್ಕೇ ಈ ಕಾಗದ.

ಹುಡುಗನ ಹೆಸರು ಬರೆಯುವುದಿಲ್ಲ. ಇಲ್ಲಿನ ಟೆಕ್ಸಾಸ್ ಯೂನಿವರ್ಸಿಟಿಯ ಅಮೆರಿಕನ್ ಫುಟ್‌ಬಾಲ್ ತಂಡದವನು, ನಾನು ಪಾಠ ಮಾಡುವ ಸ್ಟ್ಯಾಟಿಸ್ಟಿಕ್ಸ್ ಸೆಕ್ಷನ್‌ನಲ್ಲಿ ಇದ್ದಾನೆ. ವಿದ್ಯಾರ್ಥಿಗಳ ವಿಷಯ ಹೊರಗೆ ಹೇಳಬಾರದು ಅಂತ ಇಲ್ಲಿ ಕಾನೂನೇ ಇದೆ. ಒಳ್ಳೆಯ ಹುಡುಗ. ಮಂಡಿಗೆ ಐಸ್ ಚೀಲ ಇಟ್ಟು, ಅದರ ಮೇಲೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ಕುಂಟುತ್ತಾ ಬರುತ್ತಾನೆ. ಲೆಕ್ಕ ಕೇಳಿ ಮುಗಿಸುವ ಹೊತ್ತಿಗೆ ನನ್ನ ನೆಲದ ಮೇಲೆ ಸಣ್ಣ ಕೆರೆಯೇ ಆಗಿರುತ್ತದೆ. ಅವನೇ ಒರೆಸಿ ಹೋಗುತ್ತಾನೆ.

ನೀವು ಬಂದಾಗ ಸ್ಟೇಡಿಯಂಗೆ ಹೋಗಿದ್ದೆವಲ್ಲ. ಒಂದು ಲಕ್ಷ ಜನ, ಎಲ್ಲರ ಮೈಮೇಲೂ ಇಟ್ಟಿಗೆ ಬಣ್ಣದ ಅಂಗಿ. ಅಮ್ಮ ಆಟ ನೋಡಲೇ ಇಲ್ಲ, ಪಕ್ಕದಲ್ಲಿ ಕಟ್ಟಿದ್ದ, ತಂಡದ ಲಾಂಛನವಾದ ಉದ್ದ ಕೊಂಬಿನ ಬೇವೋ ಅನ್ನುವ ಎತ್ತಿಗೆ ಯಾರಾದರೂ ನೀರು ಕೊಟ್ಟರಾ ಅಂತಲೇ ನೋಡುತ್ತಿದ್ದಳು. ಅಲ್ಲಿ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಗುಂಪಿನ ಸಂದಿಯಲ್ಲಿ ನುಗ್ಗುತ್ತಿದ್ದವನನ್ನು ನೀವು ಬೊಟ್ಟು ಮಾಡಿ ತೋರಿಸಿದ್ದಿರಿ. ಅವನೇ ರನ್ನಿಂಗ್ ಬ್ಯಾಕ್. ನಮ್ಮ ಕಬಡ್ಡಿಯ ರೈಡರ್ ಇದ್ದ ಹಾಗೆ. ಆದರೆ ಇಲ್ಲಿ ಹಿಡಿಯುವವರು ನೂರು, ನೂರಿಪ್ಪತ್ತು ಕೆಜಿ ಇರುತ್ತಾರೆ, ಓಡಿಬಂದು ಗುದ್ದುತ್ತಾರೆ. ಒಂದು ಸಲಕ್ಕೆ ಸಾಮಾನ್ಯವಾಗಿ ಒಬ್ಬನೇ ಆ ಜಾಗದಲ್ಲಿ ನಿಲ್ಲುವುದು. ಮಿಕ್ಕವರು ಹೆಲ್ಮೆಟ್ ಕೈಯಲ್ಲಿ ಹಿಡಿದು ಗೆರೆಯ ಪಕ್ಕದಲ್ಲಿ ಕಾಯುತ್ತಾರೆ. ಈ ಹುಡುಗ ಆ ಸಾಲಿನವನು.

ಮೊದಲು ಕೆಟ್ಟ ಸುದ್ದಿ ಹೇಳಿಬಿಡುತ್ತೇನೆ. ದುಡ್ಡಿಗೆ ಆಡುವವರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ 32 ತಂಡ, ತಂಡಕ್ಕೆ 53 ಜನ. ಅದರಲ್ಲಿ ರನ್ನಿಂಗ್ ಬ್ಯಾಕ್‌ಗಳು ಮೂರೋ ನಾಲ್ಕೋ. ಅಂದರೆ ಇಡೀ ದೇಶಕ್ಕೆ ಈ ಕೆಲಸ ನೂರು ಚಿಲ್ಲರೆ. ಪ್ರತಿ ವರ್ಷ ಏಪ್ರಿಲ್‌ನಲ್ಲಿ ಡ್ರಾಫ್ಟ್ ನಡೆಯುತ್ತದೆ, ಅಂದರೆ ತಂಡಗಳು ಸರದಿಯಂತೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವುದು. ಏಳು ಸುತ್ತು, ಎಲ್ಲ ಜಾಗಗಳಿಗೂ ಸೇರಿ ಇನ್ನೂರೈವತ್ತು ಚಿಲ್ಲರೆ ಹುಡುಗರನ್ನು ಆರಿಸುತ್ತಾರೆ. ಕಾಲೇಜು ಮುಗಿಸಿ ಡ್ರಾಫ್ಟಿಗೆ ನಿಲ್ಲಬಹುದಾದವರಲ್ಲಿ ಎನ್‌ಎಫ್‌ಎಲ್ ಮುಟ್ಟುವವರು ನೂರಕ್ಕೆ ಇಬ್ಬರೂ ಇಲ್ಲ. ಇದನ್ನೆಲ್ಲ ಅವನಿಗೆ ಕ್ಲಾಸಿನಲ್ಲಿ ಕಲಿಸಿದವಳೇ ನಾನು. ಅವನಿಗೆ ಗೊತ್ತಿಲ್ಲದ್ದೇನಲ್ಲ.

ಆದರೂ ಅವನ ಆಸೆಗೆ ಬುಡ ಇದೆ ಅಪ್ಪ. ಬೆಂಚಿನಲ್ಲಿ ಕೂತವನ ಮೈ ಇನ್ನೂ ಅಷ್ಟು ಸವೆದಿರುವುದಿಲ್ಲ. ಈ ಜಾಗದಲ್ಲಿ ದೇಹಕ್ಕೆ ಬೀಳುವ ಏಟು ಎಷ್ಟು ಅಂದರೆ, ಕಾಲೇಜಿನಲ್ಲೇ ನೂರಾರು ಸಲ ಚೆಂಡು ಹೊತ್ತವನನ್ನು ದುಡ್ಡಿನ ತಂಡದವರು ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ. ಎತ್ತು ಕೊಳ್ಳುವಾಗ ಹಲ್ಲು ನೋಡುವ ಜನ ಇವರು. ಕಡಿಮೆ ಓಡಿದವನಾದರೆ, ಇನ್ನೂ ನಾಲ್ಕು ವರ್ಷ ಬಾಳಿಕೆ ಬರಬಹುದು ಅಂತ ಅವರ ಲೆಕ್ಕ.

ಇದು ಸುಮ್ನೆ ಸಮಾಧಾನದ ಮಾತಲ್ಲ. ಇದೇ ಯೂನಿವರ್ಸಿಟಿಯ 2022ರ ತಂಡ ನೋಡಿ. ಬಿಜಾನ್ ರಾಬಿನ್ಸನ್ ಮೊದಲನೆಯವನು. ಮುಂದಿನ ವರ್ಷದ ಡ್ರಾಫ್ಟ್‌ನಲ್ಲಿ ಎಂಟನೆಯವನಾಗಿ ಅಟ್ಲಾಂಟಾಗೆ ಹೋದ. ಅವನ ಹಿಂದೆ ರೋಶಾನ್ ಜಾನ್ಸನ್ ಇದ್ದ. ಇಲ್ಲಿಗೆ ಬಂದದ್ದು ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು ಆಗಲು, ಆದರೆ ತಂಡದಲ್ಲಿ ರನ್ನಿಂಗ್ ಬ್ಯಾಕ್‌ಗಳಿಗೆ ಪೆಟ್ಟಾಗಿತ್ತು ಅಂತ ಅವನನ್ನು ಆ ಜಾಗಕ್ಕೆ ಹಾಕಿದರು. ಆಮೇಲೆ ಬಿಜಾನ್ ಬಂದ ಮೇಲೂ ಬಿಟ್ಟು ಹೋಗಲಿಲ್ಲ, ಎರಡನೆಯವನಾಗೇ ಇದ್ದ. ಅದೇ 2023ರ ಡ್ರಾಫ್ಟ್‌ನಲ್ಲಿ ಶಿಕಾಗೋದವರು ನಾಲ್ಕನೇ ಸುತ್ತಿನಲ್ಲಿ, 115ನೆಯವನಾಗಿ ಅವನನ್ನು ತೆಗೆದುಕೊಂಡರು. ಅವರಿಬ್ಬರ ಹಿಂದೆ ಕಾಯುತ್ತಿದ್ದ ಜೊನಾಥನ್ ಬ್ರೂಕ್ಸ್‌ಗೆ 2023ರಲ್ಲಿ ಸರದಿ ಬಂತು. ಚೆನ್ನಾಗಿ ಓಡುತ್ತಿದ್ದವನಿಗೆ ನವೆಂಬರ್‌ನಲ್ಲಿ ಮಂಡಿಯ ಲಿಗಮೆಂಟ್ ಹರಿಯಿತು. ಆದರೂ 2024ರ ಡ್ರಾಫ್ಟ್‌ನಲ್ಲಿ ರನ್ನಿಂಗ್ ಬ್ಯಾಕ್‌ಗಳ ಪೈಕಿ ಮೊದಲು ಹೋದವನು ಅವನೇ. ಆ ಡಿಸೆಂಬರ್‌ನಲ್ಲಿ ಅದೇ ಮಂಡಿ ಮತ್ತೆ ಹೋಯಿತು ಅನ್ನುವುದನ್ನೂ ಹೇಳಬೇಕು, ಇಲ್ಲದಿದ್ದರೆ ಕಥೆ ಅರ್ಧ ಆಗುತ್ತದೆ. ನಾಲ್ಕನೆಯವನು ಕೀಲನ್ ರಾಬಿನ್ಸನ್, ಅವನೂ 2024ರಲ್ಲಿ ಐದನೇ ಸುತ್ತಿಗೆ ಜಾಕ್ಸನ್‌ವಿಲ್‌ಗೆ ಹೋದ. ಒಂದೇ ತಂಡದ ಒಂದೇ ಜಾಗದಿಂದ ನಾಲ್ವರು!

ನಮ್ಮ ಹುಡುಗ ಇವರ ಹೆಸರನ್ನೆಲ್ಲ ಮಗ್ಗಿ ಹೇಳಿದ ಹಾಗೆ ಹೇಳುತ್ತಾನೆ. ಆದರೆ ಅವನ ಮನೆದೇವರು ಪ್ರೀಸ್ಟ್ ಹೋಮ್ಸ್. ಇಲ್ಲೇ ಪಕ್ಕದ ಸ್ಯಾನ್ ಆಂಟೋನಿಯೋದಲ್ಲಿ ಹೈಸ್ಕೂಲು ಓದಿ, ಇದೇ ಯೂನಿವರ್ಸಿಟಿಗೆ ಆಡಿದವನು. 1994ರ ಸನ್ ಬೌಲ್ ಪಂದ್ಯದಲ್ಲಿ ನಾಲ್ಕು ಟಚ್‌ಡೌನ್ ಹೊಡೆದ, ಅಂದರೆ ನಾಲ್ಕು ಸಲ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದ. ಇನ್ನೇನು ಜಾಗ ಗಟ್ಟಿಯಾಯಿತು ಅನ್ನುವಾಗ ಮಂಡಿಗೆ ಪೆಟ್ಟಾಗಿ 1995 ಪೂರ್ತಿ ಕೂತ. ವಾಪಸ್ ಬರುವ ಹೊತ್ತಿಗೆ ರಿಕಿ ವಿಲಿಯಮ್ಸ್ ಅನ್ನುವ ಹೊಸ ಹುಡುಗ ಜಾಗ ಹಿಡಿದಿದ್ದ. ಅವನೇನೂ ಸಾಮಾನ್ಯದವನಲ್ಲ, 1998ರಲ್ಲಿ ಕಾಲೇಜು ಆಟದ ದೊಡ್ಡ ಪ್ರಶಸ್ತಿಯಾದ ಹೈಸ್ಮನ್ ಟ್ರೋಫಿ ಗೆದ್ದವನು. 1996ರಲ್ಲಿ ಬಿಗ್ 12 ಅನ್ನುವ ಕಾಲೇಜು ಲೀಗ್‌ನ ಫೈನಲ್‌ನಲ್ಲಿ ನೆಬ್ರಾಸ್ಕಾ ಗೆಲ್ಲುತ್ತದೆ ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಟೆಕ್ಸಾಸ್ 37-27ಕ್ಕೆ ಗೆದ್ದಿತು. ಅದರಲ್ಲಿ ಮೂರು ಟಚ್‌ಡೌನ್ ಈ ಎರಡನೇ ಸಾಲಿನ ಹೋಮ್ಸ್‌ನದು. ಆದರೂ 1997ರ ಡ್ರಾಫ್ಟ್‌ನಲ್ಲಿ ಒಬ್ಬರೂ ಅವನ ಹೆಸರು ಕೂಗಲಿಲ್ಲ. ಡ್ರಾಫ್ಟ್ ಮುಗಿದ ಮೇಲೆ ಬಾಲ್ಟಿಮೋರ್‌ನವರು ಸೇರಿಸಿಕೊಂಡರು. ಅಲ್ಲಿ ಒಂದು ವರ್ಷ ಸಾವಿರ ಗಜ ಓಡಿದ ಮೇಲೂ 2000ದಲ್ಲಿ ಇನ್ನೊಬ್ಬ ಹೊಸಬನನ್ನು ತಂದು ಇವನನ್ನು ಮತ್ತೆ ಬೆಂಚಿಗೆ ಕಳಿಸಿದರು. 2001ರಲ್ಲಿ ಕಾನ್ಸಾಸ್ ಸಿಟಿಗೆ ಹೋದ. ಆ ವರ್ಷ 1,555 ಗಜ, ಇಡೀ ಲೀಗ್‌ಗೇ ಮೊದಲು. 2003ರಲ್ಲಿ ಓಡಿ ಹೊಡೆದ ಟಚ್‌ಡೌನ್ 27, ಆಗ ಅದು ದಾಖಲೆ.

ಗೆದ್ದವನ ಕಥೆ ಮಾತ್ರ ನಮ್ಮ ಕಿವಿಗೆ ಬೀಳುತ್ತೆ ಕಣಯ್ಯಾ, ಹೋಮ್ಸ್ ಥರಾನೇ ಕಾದು ಕೂತು ಮನೆಗೆ ಹೋದವರ ಪಟ್ಟಿ ಯಾರೂ ಬರೆದಿಡಲಿಲ್ಲ, ಅಂದೆ. ಅವನು ನಕ್ಕು, "ಆ ಪಟ್ಟಿಯವರು ನನಗೆ ಗೊತ್ತು. ಅದರಲ್ಲಿ ಇಬ್ಬರು ನನ್ನ ರೂಮ್‌ಮೇಟ್ ಆಗಿದ್ದವರು" ಅಂದ. ನನ್ನ ಬಾಯಿ ಮುಚ್ಚಿತು.

ಈಗ ನಿಮಗೆ ಇಷ್ಟ ಆಗುವ ಭಾಗ. ಚೆಂಡು ಹೊತ್ತು ಓಡುವುದೇ ಇವರ ಕೆಲಸ ಅಂತ ನಾನು ತಿಳಿದಿದ್ದೆ. ಒಂದು ದಿನ ಅವನು ನನ್ನ ಮೇಜಿನ ಮೇಲೆ ಪಾಠ ಮಾಡಿದ. ಕಾಫಿ ಲೋಟ ಕ್ವಾರ್ಟರ್‌ಬ್ಯಾಕ್. ಸಾಲಾಗಿ ಐದು ಪೆನ್ನು, ಅವನನ್ನು ಕಾಯುವವರು. ಅವನ ರಬ್ಬರು ಲೋಟದ ಪಕ್ಕದಲ್ಲಿ, ಅದು ಅವನೇ. ನನ್ನ ಸ್ಟೇಪ್ಲರ್ ಎದುರು ತಂಡದ ಲೈನ್‌ಬ್ಯಾಕರ್, ನುಗ್ಗಿ ಬಂದು ಕೆಡವುವವನು. ಸ್ಟೇಪ್ಲರನ್ನು ಎಡಗಡೆಗೆ ಹೊರಟ ಹಾಗೆ ಮಾಡಿ, ತಟ್ಟನೆ ಎರಡು ಪೆನ್ನಿನ ನಡುವೆ ನುಗ್ಗಿಸಿದ. ಲೋಟಕ್ಕೆ ಬಡಿಯುವ ಮೊದಲು ರಬ್ಬರು ಅಡ್ಡ ಬಂತು. "ಇಷ್ಟೇ. ಮುಂದೆ ಹೋಗಿ, ತಲೆ ಎತ್ತಿ, ಎದೆ ಕೊಟ್ಟು ನಿಲ್ಲಬೇಕು. ಯಾರು ಬರ್ತಾರೆ ಅನ್ನೋದು ಚೆಂಡು ಬಿಡೋಕೆ ಮುಂಚೆ ಗೊತ್ತಿರಬೇಕು" ಅಂದ. ಕ್ವಾರ್ಟರ್‌ಬ್ಯಾಕ್‌ಗೆ ಕೋಟಿಗಟ್ಟಲೆ ಕೊಟ್ಟಿರುತ್ತಾರಲ್ಲ, ಅವನನ್ನು ಕಾಯಲು ಬರದವನನ್ನು ಯಾವ ತಂಡವೂ ನಂಬಿ ಮೈದಾನಕ್ಕೆ ಬಿಡುವುದಿಲ್ಲವಂತೆ. ಜೊತೆಗೆ ಸ್ಪೆಷಲ್ ಟೀಮ್ಸ್ ಅಂತ ಇದೆ. ಕಿಕ್ ಮಾಡಿದ ಚೆಂಡಿನ ಹಿಂದೆ ಓಡಿ ಎದುರಿನವನನ್ನು ಕೆಡವುವ ಕೆಲಸ. ಎರಡನೆಯವನು, ಮೂರನೆಯವನು ದುಡ್ಡಿನ ತಂಡಕ್ಕೆ ಒಳನುಗ್ಗುವುದು ಹೆಚ್ಚಾಗಿ ಈ ಬಾಗಿಲಿನಿಂದ. ರೋಶಾನ್‌ಗೂ ಕೀಲನ್‌ಗೂ ಅದೇ ಕೈಹಿಡಿಯಿತು ಅಂತ ಇವನ ವಾದ.

ಈಗ ಅವನ ಮುಂದೆ ಒಂದು ಕವಲು ಇದೆ. ಜನವರಿಯಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ತೆರೆಯುತ್ತದೆ. ಹೆಸರು ಹಾಕಿದರೆ ಬೇರೆ ಕಾಲೇಜಿಗೆ ಹೋಗಬಹುದು. ಚಿಕ್ಕ ಕಾಲೇಜಾದರೆ ಮೊದಲ ದಿನದಿಂದಲೇ ಆಡಿಸುತ್ತಾರೆ, ಕೈಗೆ ದುಡ್ಡೂ ಜಾಸ್ತಿ ಸಿಗಬಹುದು. 2021ರಿಂದ ಕಾಲೇಜು ಹುಡುಗರು ತಮ್ಮ ಹೆಸರಿನಲ್ಲಿ ಸಂಪಾದಿಸಬಹುದು, ಈಗ ಯೂನಿವರ್ಸಿಟಿಗಳೇ ನೇರವಾಗಿ ಕೊಡುವಂತಾಗಿದೆ. ಅವನ ಸೋದರಮಾವ ದಿನಾ ಫೋನ್ ಮಾಡಿ ಹೋಗು ಹೋಗು ಅಂತಾರಂತೆ. ಓಟದ ವಿಡಿಯೋನೇ ಇಲ್ಲದವನನ್ನು ಯಾರು ಕರೀತಾರೆ ಅನ್ನುವುದು ಮಾವನ ಮಾತು. ತಪ್ಪೇನಿಲ್ಲ. ಡ್ರಾಫ್ಟಿಗೆ ಮುಂಚೆ ಎನ್‌ಎಫ್‌ಎಲ್‌ನವರು ಹುಡುಗರ ಓಟ, ಮೈಬಲ ಅಳೆಯುವ ಇಂಡಿಯಾನಾಪೊಲಿಸ್‌ನ ಕಂಬೈನ್ ಪರೀಕ್ಷೆಗೆ ಕರೆ ಬರುವುದೇ ಮುನ್ನೂರು ಚಿಲ್ಲರೆ ಜನಕ್ಕೆ. ಇಲ್ಲೇ ಇದ್ದರೆ ಒಂದು ಲಾಭ ಇದೆ: ಕಾಲೇಜಿನಲ್ಲೇ ನಡೆಯುವ ಪ್ರೊ ಡೇ ಅನ್ನುವ ಅಂಥದ್ದೇ ಪರೀಕ್ಷೆಗೆ ಎನ್‌ಎಫ್‌ಎಲ್‌ನವರು ಗುಂಪುಗುಂಪಾಗಿ ಬರುತ್ತಾರೆ. ಬರುವುದು ಮೊದಲನೆಯವನನ್ನು ನೋಡಲು, ಆದರೆ ಗಡಿಯಾರ ಎಲ್ಲರಿಗೂ ಓಡುತ್ತದೆ. ನಲವತ್ತು ಗಜದ ಓಟ, ಅಂದರೆ ಮೂವತ್ತಾರೂವರೆ ಮೀಟರ್. ನಾಲ್ಕೂವರೆ ಸೆಕೆಂಡಿನ ಒಳಗೆ ಬಂದರೆ ತಲೆ ಎತ್ತಿ ನೋಡುತ್ತಾರೆ.

ನನಗೇನೋ ಇಲ್ಲೇ ಇರುವುದು ಒಳ್ಳೆಯದು ಅನಿಸುತ್ತದೆ. ಡಿಗ್ರಿ ಮುಗಿಯಲು ಸ್ವಲ್ಪವೇ ಬಾಕಿ, ಬೇರೆ ಕಡೆ ಹೋದರೆ ಕೆಲವು ಕೋರ್ಸ್ ಲೆಕ್ಕಕ್ಕೆ ಬರುವುದಿಲ್ಲ. ಆದರೆ ನಾನು ಮೇಷ್ಟ್ರಮ್ಮ, ಡಿಗ್ರಿಯ ಪರವಾಗಿ ಮಾತಾಡುವುದು ನನ್ನ ಕಸುಬು. ಇಪ್ಪತ್ತೊಂದು ವರ್ಷದ ಹುಡುಗನಿಗೆ ಶನಿವಾರ ಬಂದರೆ ಆಡಬೇಕು ಅನಿಸುವುದು ಸಹಜ ಅಲ್ವಾ? ನೀವು ಎಷ್ಟೋ ಹುಡುಗರನ್ನು ಮೀಸಲು ಆಟಗಾರ ಅಂತ ಜಿಲ್ಲಾ ಮಟ್ಟಕ್ಕೆ ಕರೆದುಕೊಂಡು ಹೋಗಿದ್ದೀರಿ. ಆಡಿಸದೇ ವಾಪಸ್ ಕರೆತಂದದ್ದೂ ಇದೆ. ಅಂಥವನೊಬ್ಬ ಬಂದು ಬೇರೆ ಸ್ಕೂಲಿಗೆ ಸೇರಲಾ ಸಾರ್ ಅಂತ ಕೇಳಿದ್ದರೆ ಏನು ಹೇಳುತ್ತಿದ್ದಿರಿ? ನನ್ನ ಅಪ್ಪ ಪಿ.ಟಿ. ಮೇಷ್ಟ್ರು ಅಂತ ಅವನಿಗೆ ಹೇಳಿಬಿಟ್ಟಿದ್ದೇನೆ. ನಿಮ್ಮ ಉತ್ತರ ಕೇಳಿ ಹೇಳಿ ಅಂತ ಅವನೇ ಹೇಳಿದ್ದಾನೆ. ಕ್ರಿಸ್ಮಸ್ ರಜೆಗೆ ಮುಂಚೆ ಬರೆಯಿರಿ.

ಬಿ.ಪಿ. ಮಾತ್ರೆ ಮರೆಯಬೇಡಿ. ಅಮ್ಮನಿಗೆ ಬೇವೋ ಚೆನ್ನಾಗಿದ್ದಾನೆ ಅಂತ ಹೇಳಿ.

ನಿಮ್ಮ ಪ್ರೀತಿಯ ಮಗಳು
ಸುಮಾ